ವೋಲ್ಟೇಜ್, ಕರೆಂಟ್ ಅಳೆದು ರೋಧ ಮತ್ತು ವ್ಯಾಟ್ ಲೆಕ್ಕ ಹಾಕುವುದು ಹೇಗೆ? ಮುಂಬಯಿಯ ಮನೆ, ಹೋಟೆಲುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಗೀಸರ್ ಮೊದಲಿನಷ್ಟು ಬೇಗ ನೀರು ಕಾಯಿಸುತ್ತಿಲ್ಲ. ಅಡುಗೆಮನೆಯ ಪವರ್ ಪ್ಲಗ್ಗಿನ ಒಂದು ಪಿನ್ನು ಕಪ್ಪಾಗಿದೆ. ಹೋಟೆಲಿನಲ್ಲಿ ಗ್ರೈಂಡರ್ ಶುರು ಮಾಡಿದೊಡನೆ ದೀಪ ಮಂಕಾಗುತ್ತದೆ. ಮುಂಬಯಿಯಲ್ಲಿ ಸಂಸಾರ ಹೂಡಿರುವ, ಹೋಟೆಲು, ಅಂಗಡಿ ನಡೆಸುವ ನಮ್ಮವರಿಂದ ನಾನು ಮತ್ತೆ ಮತ್ತೆ ಕೇಳುವ ದೂರುಗಳಿವು. ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: “ಕಾಯಿಲ್ ಹೋಗಿದೆ, ಬದಲಿಸೋಣ” ಅಥವಾ “ವೈರಿಂಗ್ ಹಳೆಯದು, ಎಲ್ಲ ಹೊಸದು ಹಾಕಿಸಿ”. ಇರಬಹುದು, ಇಲ್ಲದಿರಲೂಬಹುದು. ದುಡ್ಡು ಬಿಚ್ಚುವ ಮೊದಲು ಎರಡು ಅಂಕಿ ಅಳೆಯಬೇಕು: ಎಷ್ಟು ವೋಲ್ಟ್ ಬರುತ್ತಿದೆ, ಎಷ್ಟು ಆಂಪಿಯರ್ ಹರಿಯುತ್ತಿದೆ. ಆ ಎರಡು ಕೈಗೆ ಸಿಕ್ಕರೆ ಉಪಕರಣದ ರೋಧ, ಅದು ಎಳೆಯುವ ವ್ಯಾಟ್, ದಾರಿಯಲ್ಲೇ ಶಾಖವಾಗಿ ಕಳೆದುಹೋಗುವ ಪಾಲು, ಎಲ್ಲವೂ ಒಂದು ಭಾಗಾಕಾರ ಮತ್ತು ಒಂದು ಗುಣಾಕಾರದಲ್ಲಿ ಸಿಗುತ್ತವೆ. ಹೈಸ್ಕೂಲಿನ ಗಣಿತಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಬೇಕಾಗುವ ಸೂತ್ರಗಳು

ವೋಲ್ಟೇಜ್ ಅನ್ನು ವೋಲ್ಟ್‌ನಲ್ಲಿ, ಕರೆಂಟ್ ಅನ್ನು ಆಂಪಿಯರ್‌ನಲ್ಲಿ, ರೋಧವನ್ನು ಓಮ್‌ನಲ್ಲಿ, ಪವರ್ ಅನ್ನು ವ್ಯಾಟ್‌ನಲ್ಲಿ ಹೇಳುತ್ತೇವೆ. ಮೂಲ ಸೂತ್ರಗಳು ಎರಡೇ:

ರೋಧ = ವೋಲ್ಟೇಜ್ ÷ ಕರೆಂಟ್
ಪವರ್ = ವೋಲ್ಟೇಜ್ × ಕರೆಂಟ್

ಮೊದಲನೆಯದನ್ನು ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ. ಎರಡನ್ನೂ ಸೇರಿಸಿದರೆ ಇನ್ನೆರಡು ಹುಟ್ಟುತ್ತವೆ:

ಪವರ್ = ಕರೆಂಟ್ × ಕರೆಂಟ್ × ರೋಧ
ಪವರ್ = ವೋಲ್ಟೇಜ್ × ವೋಲ್ಟೇಜ್ ÷ ರೋಧ

ಇವೆರಡರಲ್ಲಿ ಮೊದಲಿನದನ್ನು ನೆನಪಿಡಿ. ಕರೆಂಟ್ ಅಲ್ಲಿ ಎರಡು ಸಲ ಬಂದಿದೆ. ಕರೆಂಟ್ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. ಪ್ಲಗ್ ಕರಗುವುದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ಸಾಲಿನಲ್ಲೇ.

ಅಳೆಯುವ ಮೊದಲು

230 ವೋಲ್ಟ್ ಆಟದ ವಸ್ತುವಲ್ಲ. ಒದ್ದೆ ಮೈಯ ರೋಧ ಸುಮಾರು 1000 ಓಮ್‌ಗೆ ಇಳಿಯಬಲ್ಲದು. ಮೊದಲ ಸೂತ್ರವನ್ನು ಅಲ್ಲಿಗೇ ಹಚ್ಚಿ ನೋಡಿ: 230 ÷ 1000 = 0.23 ಆಂಪಿಯರ್. ಹೃದಯದ ಬಡಿತ ತಪ್ಪಿಸಲು ಇದರ ಒಂದು ಭಾಗವೇ ಸಾಕು. ಆದ್ದರಿಂದ ಬೋರ್ಡಿನ ಮುಚ್ಚಳ ಬಿಚ್ಚಿ ಮಾಡುವ ಅಳತೆ ಏನೇ ಇದ್ದರೂ ಪರವಾನಗಿ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ. ನೀವು ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳಿ, ಲೆಕ್ಕ ನಿಮ್ಮದು.

ಮಲ್ಟಿಮೀಟರ್ ಕೊಳ್ಳುವಾಗ ಅದರ ಮೈಮೇಲೆ ಕ್ಯಾಟ್ 2 ಅಥವಾ ಕ್ಯಾಟ್ 3 (ಸುರಕ್ಷತೆಯ ದರ್ಜೆ) ಎಂದೂ, ಎಷ್ಟು ವೋಲ್ಟ್‌ವರೆಗೆ ಎಂದೂ ಬರೆದಿದೆಯೇ ನೋಡಿ. ಮನೆಯ ಸಾಕೆಟ್ಟಿಗೆ ಕ್ಯಾಟ್ 2 ಸಾಕು, ಮುಖ್ಯ ಬೋರ್ಡಿಗೆ ಕ್ಯಾಟ್ 3 ಬೇಕು. ಲೋಹಾರ್ ಚಾಳಿನಲ್ಲಾಗಲಿ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಅಗ್ಗದ ಮೀಟರ್ ಬೇಕಾದಷ್ಟು ಸಿಗುತ್ತವೆ. ಈ ಗುರುತಿಲ್ಲದ್ದನ್ನು ಬ್ಯಾಟರಿ, ಸೆಲ್ಲುಗಳ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿನಲ್ಲಿ ಬಿಟ್ಟು ಸಾಕೆಟ್ಟಿನ ವೋಲ್ಟೇಜ್ ನೋಡಲು ಹೋಗಲೇಬಾರದು. ಆ ತೂತಿನ ಒಳಗಿನ ರೋಧ ಸೊನ್ನೆಗೆ ಹತ್ತಿರ. ವೋಲ್ಟೇಜನ್ನು ಹೆಚ್ಚುಕಡಿಮೆ ಸೊನ್ನೆಯಿಂದ ಭಾಗಿಸಿದರೆ ಕರೆಂಟ್ ಎಷ್ಟಾದೀತು? ಅದು ನೇರ ಶಾರ್ಟ್. ಒಳ್ಳೆಯ ಮೀಟರಿನಲ್ಲಿ ಫ್ಯೂಸ್ ಹಾರುತ್ತದೆ, ಕಳಪೆಯದು ಕೈಯಲ್ಲೇ ಸಿಡಿಯುತ್ತದೆ.

ಮೊದಲ ಹೆಜ್ಜೆ: ವೋಲ್ಟೇಜ್

ಮೀಟರನ್ನು ಎಸಿ (ದಿಕ್ಕು ಬದಲಿಸುತ್ತಲೇ ಇರುವ ಮನೆಯ ಕರೆಂಟ್) ವೋಲ್ಟ್‌ಗೆ ತಿರುಗಿಸಿ, 600 ಅಥವಾ 750ರ ರೇಂಜಿನಲ್ಲಿಡಿ. ಸಾಕೆಟ್ಟಿನ ಕೆಳಗಿನ ಎರಡು ತೂತುಗಳಿಗೆ ಒಂದೊಂದು ಪ್ರೋಬ್. ನಮ್ಮಲ್ಲಿ ಹೆಸರಿಗೆ 230 ವೋಲ್ಟ್; ನಿಜದಲ್ಲಿ ಹೊತ್ತಿಗೊಂದು ಅಂಕಿ ಬರುತ್ತದೆ. ಸಂಜೆ ಇಡೀ ಸೊಸೈಟಿಯ ಏರ್ ಕಂಡಿಷನರ್‌ಗಳು ಶುರುವಾದಾಗ ಇಳಿಯುತ್ತದೆ, ನಡುರಾತ್ರಿ ಏರುತ್ತದೆ. ಹಾಗಾಗಿ ಕರೆಂಟ್ ಅಳೆಯುವ ಹೊತ್ತಿಗೇ, ಉಪಕರಣ ಓಡುತ್ತಿರುವಾಗಲೇ ವೋಲ್ಟೇಜನ್ನೂ ಅಳೆಯಬೇಕು. ಬೆಳಿಗ್ಗೆಯ ವೋಲ್ಟೇಜಿಗೆ ಸಂಜೆಯ ಕರೆಂಟ್ ಜೋಡಿಸಿದರೆ ಲೆಕ್ಕ ಕೆಟ್ಟಂತೆಯೇ.

ಎರಡನೆಯ ಹೆಜ್ಜೆ: ಕರೆಂಟ್

ಕ್ಲ್ಯಾಂಪ್ ಮೀಟರ್ ಇದಕ್ಕೆ ಎಲ್ಲಕ್ಕಿಂತ ಸುರಕ್ಷಿತ. ತಂತಿ ಕತ್ತರಿಸಬೇಕಿಲ್ಲ, ಬಾಯಿ ತೆರೆದು ತಂತಿಯ ಸುತ್ತ ಮುಚ್ಚಿದರೆ ಆಂಪಿಯರ್ ತೋರಿಸುತ್ತದೆ. ಆದರೆ ಒಂದೇ ತಂತಿಯನ್ನು ಹಿಡಿಯಬೇಕು. ಗೀಸರಿನ ಇಡೀ ಕೇಬಲ್ ಸುತ್ತ ಹಾಕಿದರೆ ಸೊನ್ನೆ ಬರುತ್ತದೆ, ಏಕೆಂದರೆ ಫೇಸ್‌ನಲ್ಲಿ ಹೋಗುವ ಕರೆಂಟೂ ನ್ಯೂಟ್ರಲ್‌ನಲ್ಲಿ ಮರಳುವ ಕರೆಂಟೂ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಬಿಡುತ್ತವೆ. ಬೋರ್ಡಿನಲ್ಲಿ ಎಂಸಿಬಿಯಿಂದ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಹೊರಡುವ ಒಂಟಿ ತಂತಿ ಇದಕ್ಕೆ ಸರಿಯಾದ ಜಾಗ. ಕರೆಂಟ್ ತೀರಾ ಕಡಿಮೆಯಿದ್ದರೆ, ಫ್ಯಾನಿನದು ಎನ್ನಿ, ಆ ಒಂಟಿ ತಂತಿಯನ್ನು ಕ್ಲ್ಯಾಂಪಿನ ಒಳಗಿಂದ 10 ಸುತ್ತು ಹಾಯಿಸಿ, ಬಂದ ಅಂಕಿಯನ್ನು 10ರಿಂದ ಭಾಗಿಸಬಹುದು. ಈ ಸುತ್ತು ಹಾಕುವಾಗ ಎಂಸಿಬಿ ಇಳಿಸಿರಬೇಕು.

ಕ್ಲ್ಯಾಂಪ್ ಮೀಟರ್ ಇಲ್ಲದವರಿಗೂ ದಾರಿ ಇದೆ, ನನಗಂತೂ ಇದು ಬಹಳ ಇಷ್ಟ. ಮಾಟುಂಗದವರಿಗೆ ಬೆಸ್ಟ್ ಮೀಟರ್ ಇರಲಿ, ಡೊಂಬಿವಲಿಯವರಿಗೆ ಮಹಾವಿತರಣದ್ದಿರಲಿ, ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗುವ ಒಂದು ಪುಟ್ಟ ಕೆಂಪು ದೀಪ ಇರುತ್ತದೆ. ಅದರ ಹತ್ತಿರ ಒಂದು ಯೂನಿಟ್ಟಿಗೆ ಎಷ್ಟು ಇಂಪಲ್ಸ್ ಎಂದು ಬರೆದಿರುತ್ತದೆ, 1600 ಅಥವಾ 3200 ಎಂಬಂತೆ. ಮನೆಯ ಉಳಿದ ಎಲ್ಲವನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದು, ಗೀಸರ್ ಮಾತ್ರ ಹಾಕಿ. ಒಂದು ನಿಮಿಷ ಮಿನುಗು ಎಣಿಸಿ.

ವ್ಯಾಟ್ = ಒಂದು ನಿಮಿಷದ ಮಿನುಗು × 60,000 ÷ ಇಂಪಲ್ಸ್ ಸಂಖ್ಯೆ

1600 ಇಂಪಲ್ಸ್ ಮೀಟರಿನಲ್ಲಿ 50 ಮಿನುಗು ಬಂದರೆ 50 × 60,000 ÷ 1600 = 1875 ವ್ಯಾಟ್. ಅದನ್ನು ವೋಲ್ಟೇಜಿನಿಂದ ಭಾಗಿಸಿದರೆ ಗೀಸರಿನ ಕರೆಂಟ್ ಸಿಗುತ್ತದೆ. ಬೋರ್ಡು ಬಿಚ್ಚಬೇಕಿಲ್ಲ, ತಂತಿ ಮುಟ್ಟಬೇಕಿಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ.

ಮೂರನೆಯ ಹೆಜ್ಜೆ: ಲೆಕ್ಕ

ಗೀಸರಿನ ಪಟ್ಟಿಯ ಮೇಲೆ 230 ವೋಲ್ಟ್, 2000 ವ್ಯಾಟ್ ಎಂದಿದೆ ಎನ್ನೋಣ. ಅಳೆದಾಗ 224 ವೋಲ್ಟ್, 8.4 ಆಂಪಿಯರ್ ಬಂತು.

ರೋಧ: 224 ÷ 8.4 = 26.67 ಓಮ್
ಪವರ್: 224 × 8.4 = 1881.6 ವ್ಯಾಟ್

ತಾಳೆ ನೋಡಲು ಮೂರನೆಯ ಸೂತ್ರ ಹಾಕಿ: 8.4 × 8.4 × 26.67 ≈ 1882. ಲೆಕ್ಕ ಸರಿಯಿದೆ. ಆದರೆ 2000 ಎಲ್ಲಿ ಹೋಯಿತು? 118 ವ್ಯಾಟ್ ಕಡಿಮೆಯೆಂದು ಕಾಯಿಲ್ ಬದಲಿಸಬೇಕೆ?

ಇಲ್ಲಿ ರೋಧ ನೋಡಬೇಕು, ವ್ಯಾಟ್ ಅಲ್ಲ. ಪಟ್ಟಿಯ ಪ್ರಕಾರ ಇರಬೇಕಾದ ರೋಧ 230 × 230 ÷ 2000 = 26.45 ಓಮ್. ಸಿಕ್ಕಿದ್ದು 26.67. ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ, ಕಾಯಿಲ್ ಗಟ್ಟಿಯಾಗಿದೆ. ಕಡಿಮೆಯಾದದ್ದು ವೋಲ್ಟೇಜ್. ವೋಲ್ಟೇಜ್ ಇಳಿದಾಗ ವ್ಯಾಟ್ ಅದೇ ಪ್ರಮಾಣದಲ್ಲಿ ಇಳಿಯುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 230 ಇದ್ದದ್ದು 207ಕ್ಕೆ ಇಳಿದರೆ, ಅಂದರೆ ನೂರಕ್ಕೆ 10ರಷ್ಟು, ಪವರ್ 0.9 × 0.9 = 0.81 ಪಾಲಾಗುತ್ತದೆ: 2000 ವ್ಯಾಟ್ ಗೀಸರ್ 1620 ಆಗಿ ಕೆಲಸ ಮಾಡುತ್ತದೆ. ನೀರು ಕಾಯಲು ಕಾಲು ಪಾಲು ಹೆಚ್ಚು ಹೊತ್ತು ಬೇಕೇಬೇಕು. ಹೊಸ ಕಾಯಿಲ್ ಹಾಕಿದರೂ ಅಷ್ಟೇ ಹೊತ್ತು.

ರೋಧ ಪಟ್ಟಿಯ ಲೆಕ್ಕಕ್ಕಿಂತ ತೀರಾ ಕೆಳಗಿದ್ದರೆ ಮಾತ್ರ ಕಾಯಿಲಿನ ಒಳಗೆ ಎಲ್ಲೋ ಶಾರ್ಟ್ ಆಗಿದೆ ಎನ್ನಬಹುದು. ಕಾಯಿಲ್ ತುಂಡಾಗಿದ್ದರೆ ಕರೆಂಟೇ ಹರಿಯದು.

ತಂತಿ ಮತ್ತು ಪ್ಲಗ್ಗಿನ ಲೆಕ್ಕ

ಉಪಕರಣದ ಲೆಕ್ಕ ಎಲ್ಲ ಪುಸ್ತಕದಲ್ಲೂ ಇದೆ. ನಮ್ಮ ಮನೆಗಳಿಗೆ ಬೆಂಕಿ ಹತ್ತುವುದನ್ನು ತಡೆಯುವ ಲೆಕ್ಕ ಇದು, ಇದನ್ನು ಕಲಿಸುವವರು ಕಡಿಮೆ. ನಿಧಾನವಾಗಿ ಓದಿ.

ಅಂಗಡಿಯಲ್ಲಿ ‘ಒಂದೂವರೆ ಎಂಎಂ’ ಎಂದು ಕೇಳಿ ತರುವ (ಅಂದರೆ ಒಂದೂವರೆ ಚದರ ಮಿಲಿಮೀಟರ್ ಅಡ್ಡಕೊಯ್ತದ) ತಾಮ್ರದ ತಂತಿಗೆ ಒಂದು ಮೀಟರಿಗೆ ಸುಮಾರು 0.012 ಓಮ್ ರೋಧ. ‘ಎರಡೂವರೆ ಎಂಎಂ’ ತಂತಿಗೆ ಸುಮಾರು 0.0074. ಮುಖ್ಯ ಬೋರ್ಡಿನಿಂದ ಬಚ್ಚಲಿಗೆ ತಂತಿಯ ದಾರಿ 20 ಮೀಟರ್ ಇದ್ದರೆ ಹೋಗಿ ಬರಲು 40 ಮೀಟರ್. ಒಂದೂವರೆ ಎಂಎಂ ಆದರೆ 40 × 0.012 = 0.48 ಓಮ್. 8.4 ಆಂಪಿಯರ್ ಹರಿದಾಗ 8.4 × 0.48 = 4 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ, 4 × 8.4 = ಸುಮಾರು 34 ವ್ಯಾಟ್ ಶಾಖವಾಗುತ್ತದೆ. ಎರಡೂವರೆ ಎಂಎಂ ಹಾಕಿದ್ದರೆ ಅದು 21 ವ್ಯಾಟ್.

34 ವ್ಯಾಟ್ 40 ಮೀಟರ್ ಉದ್ದಕ್ಕೆ ಹಂಚಿಹೋದರೆ ತಂತಿ ಬೆಚ್ಚಗಾಗುವುದೂ ತಿಳಿಯುವುದಿಲ್ಲ. ಆದರೆ ಅದೇ ಅರ್ಧ ಓಮ್ ರೋಧ ಪ್ಲಗ್ಗಿನ ಒಂದು ಪಿನ್ನು ಸಾಕೆಟ್ಟಿಗೆ ತಾಗುವ ಕಡಲೆಕಾಳಿನಷ್ಟು ಜಾಗದಲ್ಲಿ ಇದ್ದರೆ? ಆಗಲೂ 34 ವ್ಯಾಟೇ, ಆದರೆ ಎಲ್ಲವೂ ಆ ಒಂದು ಬಿಂದುವಿನಲ್ಲಿ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ 25 ವ್ಯಾಟಿನದಿರುತ್ತದೆ ಎಂಬುದನ್ನು ನೆನೆದರೆ ಪ್ಲಗ್ ಯಾಕೆ ಕಪ್ಪಾಗಿ ಕರಗುತ್ತದೆಂದು ಬೇರೆ ಹೇಳಬೇಕಿಲ್ಲ. ಮುಂಬಯಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಯ ತೇವ ಹಿತ್ತಾಳೆಯ ಮೇಲೆ ಕಿಲುಬು ಕಟ್ಟಿಸುತ್ತವೆ, ಸಾಕೆಟ್ಟಿನ ಒಳಗಿನ ಸ್ಪ್ರಿಂಗ್ ಸಡಿಲವಾಗುತ್ತದೆ, ರೋಧ ಏರುತ್ತದೆ, ಶಾಖ ಏರುತ್ತದೆ, ಶಾಖದಿಂದ ಸ್ಪ್ರಿಂಗ್ ಮತ್ತೂ ಸಡಿಲ. ಎಂಸಿಬಿ ಇದನ್ನು ಹಿಡಿಯುವುದೇ ಇಲ್ಲ, ಏಕೆಂದರೆ ಕರೆಂಟ್ ಹೆಚ್ಚಿಲ್ಲ, 8.4 ಆಂಪಿಯರೇ ಇದೆ. ಅಳತೆಯೊಂದೇ ಹಿಡಿಯಬಲ್ಲದು.

ಹಿಡಿಯುವ ಕ್ರಮ ಹೀಗೆ. ವೈರ್‌ಮನ್‌ನಿಂದ ನಾಲ್ಕು ಅಂಕಿ ತೆಗೆಸಿ: ಗೀಸರ್ ಆರಿದ್ದಾಗ ಮತ್ತು ಓಡುತ್ತಿರುವಾಗ ಮುಖ್ಯ ಬೋರ್ಡಿನ ವೋಲ್ಟೇಜ್, ಹಾಗೆಯೇ ಆರಿದ್ದಾಗ ಮತ್ತು ಓಡುವಾಗ ಗೀಸರಿನ ಒಳಗಿನ, ತಂತಿ ಬಂದು ಸೇರುವ ತಿರುಪಿನ ಬಳಿಯ ವೋಲ್ಟೇಜ್. ಆರಿದ್ದಾಗ ಎರಡೂ ಕಡೆ 227 ಇತ್ತು. ಓಡುವಾಗ ಬೋರ್ಡಿನಲ್ಲಿ 226, ಗೀಸರಿನ ಬಳಿ 218, ಕರೆಂಟ್ 8.2 ಆಂಪಿಯರ್ ಎನ್ನೋಣ.

ದಾರಿಯಲ್ಲಿ ಕಳೆದ ವೋಲ್ಟೇಜ್: 226 − 218 = 8 ವೋಲ್ಟ್
ದಾರಿಯ ರೋಧ: 8 ÷ 8.2 = 0.98 ಓಮ್
ದಾರಿಯಲ್ಲಿ ಶಾಖ: 8 × 8.2 = 65.6 ವ್ಯಾಟ್

ತಂತಿಗೆ ನ್ಯಾಯವಾಗಿ ಬರಬೇಕಾದದ್ದು 0.48 ಓಮ್. ಉಳಿದ 0.5 ಓಮ್ ಯಾವುದೋ ಜಾಯಿಂಟ್, ಸ್ವಿಚ್ ಅಥವಾ ಪ್ಲಗ್ಗಿನಲ್ಲಿ ಕೂತಿದೆ. ಇಡೀ ವೈರಿಂಗ್ ಕಿತ್ತುಹಾಕಬೇಕಿಲ್ಲ. ಆ ಒಂದು ಜಾಗ ಹುಡುಕಿ ಹೊಸ ಸಾಕೆಟ್ ಹಾಕಿಸಿ, ತಿರುಪು ಬಿಗಿ ಮಾಡಿಸಿ, ಮತ್ತೆ ಅಳೆಯಿರಿ. 8 ವೋಲ್ಟ್ ಇದ್ದದ್ದು 4ಕ್ಕೆ ಇಳಿದರೆ ಕೆಲಸ ಆಯಿತು.

ಇದೇ ಕಾರಣಕ್ಕೆ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಕನ್ವರ್ಷನ್ ಪ್ಲಗ್ ಹಾಕಿ ಗೀಸರ್, ಇಂಡಕ್ಷನ್ ಒಲೆ ಓಡಿಸುವುದು ಬೇಡವೇ ಬೇಡ. 2000 ವ್ಯಾಟಿಗೆ 8.7 ಆಂಪಿಯರ್, 3000 ವ್ಯಾಟಿನ ಇನ್‌ಸ್ಟಂಟ್ ಗೀಸರಿಗೆ 13 ಆಂಪಿಯರ್ ಬೇಕು. ಎರಡಕ್ಕೂ 16 ಆಂಪಿಯರಿನ ಪವರ್ ಪಾಯಿಂಟೇ ಆಗಬೇಕು. 13 ಆಂಪಿಯರಿಗೆ ಎರಡೂವರೆ ಎಂಎಂಗಿಂತ ತೆಳು ತಂತಿ ನಾನಂತೂ ಒಪ್ಪುವುದಿಲ್ಲ.

ಇದೇ ಲೆಕ್ಕ ಲೋಕಲ್ ಟ್ರೇನಿನ ಮೇಲೂ ಬರೆದಿದೆ

ಮುಂಬಯಿಯಲ್ಲಿ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ಅಂದಿನ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ, 1500 ವೋಲ್ಟ್ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ. ಮುಂದೆ ಹಳಿಯ ಮೇಲಿನ ಆ ತಂತಿಗಳನ್ನೆಲ್ಲ 25,000 ವೋಲ್ಟ್ ಎಸಿಗೆ ಬದಲಿಸಿದರು. ಪಶ್ಚಿಮ ರೈಲ್ವೆಯಲ್ಲಿ ಅದು 2012ರಲ್ಲಿ ಮುಗಿಯಿತು, ಹಾರ್ಬರ್ ಮಾರ್ಗದಲ್ಲಿ 2016ರಲ್ಲಿ. ಇಷ್ಟು ದೊಡ್ಡ ಕೆಲಸಕ್ಕೆ ಒಂದು ಮುಖ್ಯ ಕಾರಣ ನಮ್ಮ ಸೂತ್ರದಲ್ಲೇ ಇದೆ. ಒಂದು ರೈಲಿಗೆ 30 ಲಕ್ಷ ವ್ಯಾಟ್ ಬೇಕೆಂದು ಇಟ್ಟುಕೊಳ್ಳಿ. 1500 ವೋಲ್ಟ್‌ನಲ್ಲಿ ಅದಕ್ಕೆ 2000 ಆಂಪಿಯರ್ ಬೇಕು. 25,000 ವೋಲ್ಟ್‌ನಲ್ಲಿ 120 ಆಂಪಿಯರ್ ಸಾಕು. ಕರೆಂಟ್ ಸುಮಾರು 16.7 ಪಟ್ಟು ಕಡಿಮೆಯಾಯಿತು. ಅಷ್ಟೇ ರೋಧದ ತಂತಿಯಲ್ಲಿ ಶಾಖದ ನಷ್ಟ 16.7 × 16.7, ಅಂದರೆ ಸುಮಾರು 278 ಪಟ್ಟು ಕಡಿಮೆ. ಸಬ್‌ಸ್ಟೇಷನ್‌ಗಳನ್ನು ದೂರ ದೂರ ಇಡಬಹುದು, ತಂತಿ ತೆಳುವಾದರೂ ನಡೆಯುತ್ತದೆ. ಮಕ್ಕಳಿಗೆ ಈ ಪಾಠ ಹೇಳುವಾಗ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಲ್ಲಿಸಿ ಮೇಲಿನ ತಂತಿ ತೋರಿಸಿ, ಬೇಗ ಅರ್ಥವಾಗುತ್ತದೆ.

ಮಲ್ಟಿಮೀಟರಿನ ಓಮ್ ಅಂಕಿ ಎಲ್ಲಿ ತಪ್ಪುದಾರಿ ಹಿಡಿಸುತ್ತದೆ

ಹಳೆಯ 100 ವ್ಯಾಟ್ ಬಲ್ಬ್ ಒಂದಿದ್ದರೆ ಅದರ ರೋಧವನ್ನು ಮಲ್ಟಿಮೀಟರಿನಲ್ಲಿ ನೋಡಿ. 40 ಓಮ್ ಆಸುಪಾಸು ತೋರಿಸುತ್ತದೆ. ಆದರೆ 230 × 230 ÷ 100 = 529 ಓಮ್ ಇರಬೇಕಿತ್ತು. ಎರಡೂ ನಿಜ. ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ 40, ಬೆಳಗುವಾಗ 529. ಉರಿಯುತ್ತಿರುವಾಗಿನ ವೋಲ್ಟೇಜ್, ಕರೆಂಟ್ ಅಳೆದು ಭಾಗಿಸಿದರೆ ಮಾತ್ರ ಕೆಲಸದ ಹೊತ್ತಿನ ರೋಧ ಸಿಗುತ್ತದೆ. ಬಲ್ಬ್ ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಹೋಗುವುದಕ್ಕೂ ಆ ತಣ್ಣನೆಯ 40 ಓಮ್ ಎಳೆಯುವ ದೊಡ್ಡ ಕರೆಂಟೇ ಕಾರಣ. ಗೀಸರ್, ಇಸ್ತ್ರಿಪೆಟ್ಟಿಗೆಗಳ ನೈಕ್ರೋಮ್ ಕಾಯಿಲ್ ಮಾತ್ರ ಬಿಸಿಯಾದರೂ ಹೆಚ್ಚು ಬದಲಾಗುವುದಿಲ್ಲ.

ಗ್ರೈಂಡರ್, ಫ್ರಿಜ್, ಎಸಿ: ಮೋಟಾರ್ ಇರುವಲ್ಲಿ

ಹೋಟೆಲಿನವರು ಇಲ್ಲಿ ಗಮನ ಕೊಡಬೇಕು. ಒಂದು ವೆಟ್ ಗ್ರೈಂಡರ್ 228 ವೋಲ್ಟ್‌ನಲ್ಲಿ 6 ಆಂಪಿಯರ್ ತೆಗೆದುಕೊಳ್ಳುತ್ತಿದೆ. ಗುಣಿಸಿದರೆ 1368. ಇದು ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್. ಮೋಟಾರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ ಪವರ್ ಫ್ಯಾಕ್ಟರ್ ಎಂಬ ಅಂಕಿಯಿಂದ ಮತ್ತೆ ಗುಣಿಸಬೇಕು. ಮೋಟಾರಿನ ಪಟ್ಟಿಯಲ್ಲಿ 0.7 ಎಂದಿದ್ದರೆ 1368 × 0.7 = ಸುಮಾರು 958 ವ್ಯಾಟ್. ಮನೆಯ ಬಿಲ್ಲಿನ ಯೂನಿಟ್ ಎಣಿಸುವುದು ಈ 958ನ್ನು. ಆದರೆ ತಂತಿಯೊಳಗೆ ಹರಿಯುವುದು ಪೂರ್ತಿ 6 ಆಂಪಿಯರೇ, ಹಾಗಾಗಿ ತಂತಿಯ ದಪ್ಪ, ಎಂಸಿಬಿ ಆರಿಸುವಾಗ 6ನ್ನೇ ಹಿಡಿಯಬೇಕು.

ಹಾಗೆಯೇ 228 ÷ 6 = 38 ಎಂಬುದು ಮೋಟಾರಿನ ರೋಧವಲ್ಲ, ಅದರ ಇಂಪಿಡೆನ್ಸ್, ಅಂದರೆ ಎಸಿ ಕರೆಂಟಿಗೆ ಅದು ಒಡ್ಡುವ ಒಟ್ಟು ಅಡ್ಡಿ. ಪ್ಲಗ್ ತೆಗೆದು ಮೋಟಾರಿನ ಒಳಗಿನ ತಂತಿಸುತ್ತಿನ ರೋಧ ಅಳೆದರೆ ಕೆಲವೇ ಓಮ್ ಬರುತ್ತದೆ. ಅದನ್ನು ನೋಡಿ ಮೋಟಾರ್ ಸುಟ್ಟಿದೆ ಎನ್ನುವ ರಿಪೇರಿಯವರ ಮಾತಿಗೆ ಒಪ್ಪಬೇಡಿ.

ಶುರುವಾಗುವ ಕ್ಷಣದಲ್ಲಿ ಇಂಥ ಮೋಟಾರ್ ಐದಾರು ಪಟ್ಟು ಕರೆಂಟ್ ಎಳೆಯಬಲ್ಲದು. 30 ಆಂಪಿಯರ್ ಎಂದಿಟ್ಟುಕೊಂಡು, ದಾರಿಯ ರೋಧ ಅರ್ಧ ಓಮ್ ಇದ್ದರೆ 15 ವೋಲ್ಟ್ ಒಮ್ಮೆಲೇ ಕುಸಿಯುತ್ತದೆ. ದೀಪ ಮಂಕಾಗುವುದು ಅದಕ್ಕೇ. ಗ್ರೈಂಡರಿಗೆ ಮುಖ್ಯ ಬೋರ್ಡಿನಿಂದಲೇ ಬೇರೆ ದಪ್ಪ ತಂತಿ ಎಳೆಸಿದರೆ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ತ್ರೀ ಫೇಸ್ ಹೀಟರ್ ಇರುವವರು ಪವರ್ ಲೆಕ್ಕಕ್ಕೆ 1.732ರಿಂದಲೂ ಗುಣಿಸಬೇಕು, ಕರೆಂಟ್ ಬೇಕಾದರೆ ಅದರಿಂದಲೂ ಭಾಗಿಸಬೇಕು. ಎರಡು ಫೇಸ್‌ಗಳ ನಡುವೆ 400 ವೋಲ್ಟ್ ಇದ್ದು 9000 ವ್ಯಾಟಿನ ಇಡ್ಲಿ ಸ್ಟೀಮರ್ ಆದರೆ, 9000 ÷ (1.732 × 400) = 13 ಆಂಪಿಯರ್ ಒಂದೊಂದು ಫೇಸಿಗೆ.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಲೆಕ್ಕ

9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿ ಜೋಡಿಸಬೇಕು. ಎಲ್‌ಇಡಿ 2 ವೋಲ್ಟ್ ಹಿಡಿಯುತ್ತದೆ, ಉಳಿದದ್ದು 7. ಕರೆಂಟ್ 15 ಮಿಲಿ ಆಂಪಿಯರ್ ಸಾಕು, ಅಂದರೆ 0.015 ಆಂಪಿಯರ್. 7 ÷ 0.015 = 467 ಓಮ್; ಅಂಗಡಿಯಲ್ಲಿ ಸಿಗುವ ಹತ್ತಿರದ್ದು 470, ಹಳದಿ, ನೇರಳೆ, ಕಂದು ಪಟ್ಟಿಯದು. ಶಾಖ 7 × 0.015 = 0.105 ವ್ಯಾಟ್, ಆದ್ದರಿಂದ ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ಮಿಲಿ ಆಂಪಿಯರನ್ನು ಆಂಪಿಯರಿಗೆ ಬದಲಿಸದೆ ಭಾಗಿಸಿದರೆ ಉತ್ತರ 1000 ಪಟ್ಟು ತಪ್ಪುತ್ತದೆ, ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಮಳೆಗಾಲಕ್ಕೆ ಮುಂಚೆ: ಸೋರಿಕೆಯ ಲೆಕ್ಕ

ಕಾಯಿಲಿಗೂ ಗೀಸರಿನ ಲೋಹದ ಮೈಗೂ ನಡುವೆ ಕರೆಂಟ್ ಹರಿಯಲೇಬಾರದು. ಅಲ್ಲಿನ ರೋಧ ಲಕ್ಷಗಟ್ಟಲೆ ಓಮ್ ಇರಬೇಕು. ಕರೆಂಟ್ ಸೋರಿದರೆ ತಾನೇ ಬೀಳಲೆಂದು ಮನೆಗಳಲ್ಲಿ ಹಾಕುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಸೋರಿಕೆಯ ರೋಧ ಎಷ್ಟಕ್ಕಿಳಿದರೆ ಬೀಳಲೇಬೇಕು? 230 ÷ 0.03 = 7667 ಓಮ್. ಸೋರಿಕೆಯ ದಾರಿಯ ರೋಧ ಅದಕ್ಕಿಂತ ಕೆಳಗಿಳಿದರೆ ಸ್ವಿಚ್ ಬೀಳಬೇಕು. ಆಗಾಗ ಬೀಳುತ್ತಿದ್ದರೆ ಅದನ್ನು ತೆಗೆಸಿಹಾಕಬೇಡಿ. ಎಲ್ಲ ಉಪಕರಣಗಳ ಪ್ಲಗ್ ಕಿತ್ತು, ಒಂದೊಂದಾಗಿ ಹಾಕುತ್ತ ಯಾವುದಕ್ಕೆ ಬೀಳುತ್ತದೆಂದು ನೋಡಿ. ಸಂಶಯ ಗೀಸರಿನ ಮೇಲೆ ಬಂದರೆ ಮಲ್ಟಿಮೀಟರ್ ಸಾಲದು, ಅದು ಕೆಲವೇ ವೋಲ್ಟ್‌ನಲ್ಲಿ ಪರೀಕ್ಷಿಸುತ್ತದೆ. 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟ್ ಹಾಕಿ ರೋಧ ಅಳೆಯುವ ಮೀಟರ್) ಇರುವ ವೈರ್‌ಮನ್‌ನನ್ನು ಕರೆಸಿ, ಗೀಸರಿನ ಪ್ಲಗ್ ಹೊರಗಿಟ್ಟು, ಫೇಸ್ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ನೋಡಲು ಹೇಳಿ; ಆಗ ಗೀಸರಿನ ಥರ್ಮೋಸ್ಟಾಟ್ ಮತ್ತು ಸ್ವಿಚ್ ಆನ್ ಇರಲಿ. 1 ಮೆಗಾಓಮ್ (10 ಲಕ್ಷ ಓಮ್) ಇದ್ದರೆ ಸೋರಿಕೆ 0.23 ಮಿಲಿ ಆಂಪಿಯರ್ ಮಾತ್ರ. ಅದಕ್ಕಿಂತ ಕೆಳಗಿನ ಅಂಕಿ ಬಂದರೆ ಕಾಯಿಲ್ ಬದಲಿಸಿ, ಮತ್ತೊಮ್ಮೆ ಮೆಗ್ಗರ್ ಹಾಕಿಸಿ, ಆಮೇಲೆ ನೀರಿಗೆ ಕೈಯಿಡಿ.